ಮದ್ದುಸೊಪ್ಪಿನ ಗುಟ್ಟನ್ನು ಕಂಪ್ಯೂಟರ್ ಬಿಡಿಸುತ್ತದಾ?

ಪ್ರಶ್ನೆ: ಪ್ರತಿ ವರ್ಷ ಕಕ್ಕಡ 18ಕ್ಕೆ (ಮಳೆಗಾಲದಲ್ಲಿ ಬರುವ ಕೊಡವ ತಿಂಗಳು ಕಕ್ಕಡದ 18ನೇ ದಿನ) ಮದ್ದುಸೊಪ್ಪು ಎಂಬ ಗಿಡದ ಸೊಪ್ಪಿನಿಂದ ಪಾಯಸ ಮಾಡುತ್ತೇವೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಓದುವ ಮಗ, 'ಈಗ ಅದನ್ನೆಲ್ಲ ಕಂಪ್ಯೂಟರೇ ಹುಡುಕುತ್ತೆ' ಅನ್ನುತ್ತಾನೆ. ಹೌದಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಅರ್ಧ ನಿಜ. ಸುಮ್ನೆ ಸೊಪ್ಪಿನ ಫೋಟೊ ತೋರಿಸಿದರೆ ಅದರೊಳಗೆ ಯಾವ ಔಷಧಿ ಇದೆ ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಮೊದಲು ಯಾರಾದರೂ ಸೊಪ್ಪು ಕುಯ್ದು, ರಸ ತೆಗೆಯಲೇಬೇಕು.

ಸೊಪ್ಪು ಬೇಯಿಸಿದಾಗ ನೀರು ಕಡು ನೇರಳೆಯಾಗುತ್ತದೆ, ಅಲ್ವಾ? (ಪಾಯಸ ತಿಂದ ಮೇಲೆ ಮೂತ್ರ ಕೆಂಪಾದರೂ ಕೊಡಗಿನವರು ಹೆದರುವುದಿಲ್ಲ. ಹೊಸ ನೆಂಟರಿಗೆ ಮಾತ್ರ ಮೊದಲೇ ಹೇಳಿಬಿಡಿ!) ಆ ನೀರಿನಲ್ಲಿ ಬಣ್ಣದ ಜೊತೆ ಇನ್ನೂ ಎಷ್ಟೋ ರಾಸಾಯನಿಕಗಳಿರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೊಂದನ್ನೂ ತೂಗುತ್ತದೆ, ಒಡೆದು ಚೂರುಗಳನ್ನೂ ತೂಗುತ್ತದೆ. ಆ ಚೂರುಗಳ ತೂಕವೇ ಅದರ ಬೆರಳಚ್ಚು. ಕಂಪ್ಯೂಟರ್ ಕೆಲಸ ಶುರುವಾಗುವುದು ಇಲ್ಲಿಂದ. ಜಿಎನ್‌ಪಿಎಸ್ ಎಂಬ ಉಚಿತ ಜಾಲತಾಣದಲ್ಲಿ ಬೇರೆ ಬೇರೆ ದೇಶದ ಸಂಶೋಧಕರು ಹಾಕಿದ ಬೆರಳಚ್ಚುಗಳಿವೆ. ಅವುಗಳ ಜೊತೆ ಹೋಲಿಸಿದರೆ ನಮ್ಮ ರಾಸಾಯನಿಕಗಳಲ್ಲಿ ಈಗಾಗಲೇ ಪರಿಚಯವಿರುವ ಹಳಬರು ಯಾರು ಅಂತ ಗೊತ್ತಾಗುತ್ತದೆ. ಉಳಿದವರಲ್ಲಿ ಹೋಲಿಕೆ ಇರುವವರನ್ನು ಒಂದೇ ಒಕ್ಕದವರಂತೆ (ಕೊಡವರಲ್ಲಿ ಒಕ್ಕ ಅಂದರೆ ಒಂದೇ ಮನೆತನ) ಗುಂಪು ಮಾಡುತ್ತದೆ. ಯಾವ ಒಕ್ಕಕ್ಕೂ ಸೇರದವನು ಸಿಕ್ಕರೆ ಸಂಶೋಧಕರ ಕಿವಿ ನೆಟ್ಟಗಾಗುತ್ತದೆ. ಸಿಕ್ಕಿದ್ದನ್ನೇ ಮತ್ತೆ ಹುಡುಕಿ ವರ್ಷ ಹಾಳು ಮಾಡಿಕೊಳ್ಳುವುದು ತಪ್ಪುತ್ತದಲ್ಲ, ನನ್ನ ಪ್ರಕಾರ ಅದೇ ದೊಡ್ಡ ಲಾಭ.

ಇನ್ನೊಂದು ದಾರಿ ಜೀನ್ ಓದುವುದು, ಅಂದರೆ ರಾಸಾಯನಿಕ ಮಾಡಲು ಜೀವಿಯೊಳಗೆ ಬರೆದಿಟ್ಟಿರುವ ಸೂಚನೆಗಳನ್ನು ಓದುವುದು. ಇದಕ್ಕೆ ಸೊಪ್ಪಿಗಿಂತ ನಿಮ್ಮ ತೋಟದ ಮಣ್ಣೇ ವಾಸಿ. ಹೂಮಳೆ ಬಿದ್ದಾಗ ಏಳುವ ಘಮ ಇದೆಯಲ್ಲ, ಅದರಲ್ಲಿ ಜಿಯೋಸ್ಮಿನ್ ಇರುತ್ತದೆ. ಅದನ್ನು ಮಾಡುವವರಲ್ಲಿ ಮುಖ್ಯವಾದವು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. 1943ರಲ್ಲಿ ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಇದೇ ಗುಂಪಿನಿಂದ. 2002ರಲ್ಲಿ ಇವುಗಳಲ್ಲೊಂದರ ಪೂರ್ತಿ ಜೀನೋಮ್ (ಎಲ್ಲ ಜೀನ್‌ಗಳ ಕಟ್ಟು) ಓದಿದಾಗ ಇಂಥ ರಾಸಾಯನಿಕ ಮಾಡಬಲ್ಲ 20ಕ್ಕೂ ಜಾಸ್ತಿ ಜೀನ್ ಗುಂಪುಗಳು ಕಂಡವು. ಹೆಚ್ಚಿನವು ಏನು ಮಾಡುತ್ತವೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಒಂದು ರಾಸಾಯನಿಕಕ್ಕೆ ಬೇಕಾದ ಜೀನ್‌ಗಳು ಸಾಮಾನ್ಯವಾಗಿ ಲೈನ್‌ಮನೆಗಳ ಹಾಗೆ ಅಕ್ಕಪಕ್ಕ ಇರುತ್ತವೆ. 2011ರಲ್ಲಿ ಬಂದ ಆ್ಯಂಟಿಸ್ಮ್ಯಾಶ್ ಸಾಫ್ಟ್‌ವೇರ್ ಆ ಸಾಲುಗಳನ್ನು ಹುಡುಕಿ ಕೊಡುತ್ತದೆ. ಗಿಡಗಳಲ್ಲಿ ಅವು ಹಲವು ಸಲ ಚದುರಿರುತ್ತವೆ, ಅದಕ್ಕೇ ಕಷ್ಟ. ಅಷ್ಟೇ ಅಲ್ಲ, ಜೀನ್ ಇದ್ದರೂ ಲ್ಯಾಬಿನಲ್ಲಿ ಎಷ್ಟೋ ಸಲ ಅದು ಕೆಲಸ ಮಾಡದೆ ಮಲಗಿಬಿಡುತ್ತದೆ.

ಇನ್ನು 18ರ ಲೆಕ್ಕ. ಯಂತ್ರದಲ್ಲಿ 18ಕ್ಕಿಂತ ಜಾಸ್ತಿಯೇ ಕಾಣಬಹುದು, ಆದರೆ ಕಂಡದ್ದೆಲ್ಲ ಔಷಧಿಯಲ್ಲ. ಅಜ್ಜಿ ಹೇಳಿದ 'ಆ ದಿನ' ಮಾತ್ರ ಪರೀಕ್ಷೆ ಮಾಡಬಹುದಾದ ಮಾತು. ಮಗನಿಗೆ ಹೇಳಿ: ಒಂದೇ ಪೊದೆಗಳಿಂದ ಕಕ್ಕಡ 18ಕ್ಕೆ, ಅದಕ್ಕೆ ಒಂದು ತಿಂಗಳು ಮೊದಲು, ಒಂದು ತಿಂಗಳು ಆದಮೇಲೆ, ಒಂದೇ ಹೊತ್ತಿಗೆ ಸೊಪ್ಪು ಕುಯ್ದು ಒಂದೇ ರೀತಿ ಒಣಗಿಸಿಡಲಿ. ಅವನ ಕಾಲೇಜಿನಲ್ಲಿ ಆ ಯಂತ್ರ ಇದ್ದರೆ ಪ್ರಾಜೆಕ್ಟಿಗೆ ಅಷ್ಟು ಸಾಕು.