ಮೊದಲು ಬೆಲ್ಟ್, ಆಮೇಲೆ ಹೋಲ್ಸ್ಟರ್

ತಮ್ಮಾ, ಗ್ರೀನ್ ಕಾರ್ಡ್ ಮೇಲೆ ಹ್ಯೂಸ್ಟನ್‌ಗೆ ಬಂದು ನಾಲ್ಕು ತಿಂಗಳಾಯಿತು, ಗ್ಲಾಕ್ 19 ಪಿಸ್ತೂಲು ತೆಗೆದುಕೊಂಡೆ, ಸೊಂಟಕ್ಕೆ ಹಾಕಿಕೊಂಡು ಅರ್ಧ ಗಂಟೆ ಕಾರಿನಲ್ಲಿ ಕೂತರೆ ನೋವು ಬರುತ್ತೆ, ಇಲ್ಲಿಯವರು ದಿನವಿಡೀ ಹೇಗೆ ಇಟ್ಟುಕೊಂಡಿರುತ್ತಾರೆ ಅಂತ ಕೇಳಿದ್ದೀಯ. ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಿನ್ನ ಜೊತೆ ಇರುವ ಅತ್ತೆಯ ಮಗ ಎಚ್-1ಬಿ ಕೆಲಸದ ವೀಸಾ ಮೇಲಿದ್ದಾನೆ ಅಂದೆಯಲ್ಲ, ಅವನ ಕೈಗೆ ಸುಮ್ನೆ ನೋಡೋಕೆ ಅಂತಲೂ ಪಿಸ್ತೂಲು ಕೊಡಬೇಡ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಇರುವುದರಿಂದ ನಿನಗೆ ಆ ತೊಂದರೆ ಇಲ್ಲ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಹೆಚ್ಚಿನವರಿಗೆ ಪಿಸ್ತೂಲು ಜೊತೆಗೆ ಒಯ್ಯಲು ಲೈಸೆನ್ಸೂ ಬೇಕಿಲ್ಲ. ಆದರೂ ತರಗತಿಗೆ ಹೋಗಿ ಲೈಸೆನ್ಸ್ ಮಾಡಿಸಿಕೋ. ಎಲ್ಲಿಗೆ ಒಯ್ಯಬಾರದು ಅನ್ನುವುದು ಅಲ್ಲಿ ಸರಿಯಾಗಿ ತಿಳಿಯುತ್ತೆ.

ಈಗ ಸೊಂಟದ ವಿಷಯ. ನೀನು ಮಡಿಕೇರಿ ಕಡೆಯ ಕೊಡವ ಹುಡುಗ. ಮನೆಯಲ್ಲಿ ಕೋವಿ ನೋಡಿಯೇ ಬೆಳೆದವನು. ಮದುವೆಯಲ್ಲಿ ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆಯ ಪಟ್ಟಿ ಕಟ್ಟಿ, ಮುಂದೆ ಪೀಚೆಕತ್ತಿ ಸಿಕ್ಕಿಸಿಕೊಂಡದ್ದು ನೆನಪಿದೆ ಅಲ್ವಾ? ಚೇಲೆ ಸಡಿಲವಾದರೆ ಕತ್ತಿ ಜೋಲುತ್ತೆ, ಊಟಕ್ಕೆ ಕೂತಾಗ ಹೊಟ್ಟೆಗೆ ಒತ್ತುತ್ತೆ. ನೆಟ್ಟಗೆ ಬಿಗಿದು ಕಟ್ಟಿದರೆ ಅದು ಇರುವುದೇ ಮರೆತುಹೋಗುತ್ತೆ. ಇಲ್ಲೂ ಅಷ್ಟೇ. ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತೆ. ಆಫೀಸಿನ ತೆಳು ಬೆಲ್ಟ್ ಅಷ್ಟು ಭಾರ ತಡೆಯಲ್ಲ. ಒಂದೂವರೆ ಇಂಚು ಅಗಲದ, ಮಡಚದ ಗಟ್ಟಿ ಬೆಲ್ಟ್ ತಗೋ. ಹೋಲ್ಸ್ಟರ್, ಅಂದರೆ ಪಿಸ್ತೂಲಿನ ಒರೆ, ಪ್ಯಾಂಟಿನ ಒಳಗೆ ಹಾಕುವಂಥದ್ದಾದರೆ ಪ್ಯಾಂಟೂ ಒಂದೆರಡು ಇಂಚು ದೊಡ್ಡದಿರಲಿ. ಅರ್ಧ ನೋವು ಅಲ್ಲೇ ಹೋಗುತ್ತೆ.

ಇನ್ನು ಜಾಗ. ಬಲ ಸೊಂಟದ ಪಕ್ಕಕ್ಕೆ ಹಾಕಿದ್ದೀಯ ಅನ್ನಿಸುತ್ತೆ. ಇಲ್ಲಿ ಡ್ರೈವರ್ ಕೂರುವುದು ಎಡಗಡೆ, ಸೀಟ್ ಬೆಲ್ಟಿನ ಬಕಲ್ ಬರುವುದು ಸರಿಯಾಗಿ ಆ ಬಲ ಸೊಂಟಕ್ಕೇ. ಪಿಸ್ತೂಲು, ಬಕಲ್, ಸೀಟಿನ ಅಂಚು ಮೂರೂ ಸೇರಿ ಮೂಳೆಗೆ ಒತ್ತುತ್ತವೆ. ಸ್ವಲ್ಪ ಹಿಂದಕ್ಕೆ, ಹೊಕ್ಕುಳು ಹನ್ನೆರಡು ಗಂಟೆ ಅಂದುಕೊಂಡರೆ ಗಡಿಯಾರದಲ್ಲಿ ನಾಲ್ಕು ಗಂಟೆಯ ಜಾಗಕ್ಕೆ, ಸರಿಸಿ ನೋಡು. ಇಲ್ಲವೇ ಹೊಟ್ಟೆಯ ಮುಂದೆ, ಪೀಚೆಕತ್ತಿಯ ಜಾಗದಲ್ಲೇ. ಅದಕ್ಕೆ ಅಪೆಂಡಿಕ್ಸ್ ಕ್ಯಾರಿ ಅಂತಾರೆ. ಅಲ್ಲಿ ಹೋಲ್ಸ್ಟರಿನ ಕೆಳತುದಿಯಲ್ಲಿ, ಮೈಗೆ ತಾಗುವ ಬದಿಗೆ, ಮೆತ್ತನೆಯ ಒಂದು ಬೆಣೆ ಅಂಟಿಸಿದರೆ ಹಿಡಿ ಹೊಟ್ಟೆಯ ಕಡೆಗೆ ವಾಲುತ್ತೆ, ಅಂಗಿಯ ಮೇಲೆ ಉಬ್ಬು ಕಾಣಲ್ಲ, ತುದಿಯೂ ಚುಚ್ಚಲ್ಲ. ಆದರೆ ನಳಿಗೆ ತೊಡೆಯ ಕಡೆಗೇ ಮುಖ ಮಾಡಿರುತ್ತೆ. ಕೈ ಪಳಗುವವರೆಗೆ ನಾನಾದರೆ ಆ ನಾಲ್ಕು ಗಂಟೆಯ ಜಾಗದಲ್ಲೇ ಹಾಕು ಅನ್ನುತ್ತೇನೆ.

ಮೆತ್ತಗಿದೆ ಅಂತ ಬಟ್ಟೆಯ ಹೋಲ್ಸ್ಟರ್ ಮಾತ್ರ ಕೊಳ್ಳಬೇಡ. ನಾನು ಮೊದಲು ಕೊಂಡದ್ದು ಅದೇ. ಹಾಕಿದಾಗ ಹಿತವಾಗಿತ್ತು. ಪಿಸ್ತೂಲು ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಂಡಿತು. ಮತ್ತೆ ಒಳಗೆ ತುರುಕುವಾಗ ಬಟ್ಟೆಯ ಅಂಚು ಮಡಚಿ ಟ್ರಿಗರ್ ಹತ್ತಿರ ಸಿಕ್ಕಿಕೊಂಡಿತ್ತು. ಅದೃಷ್ಟಕ್ಕೆ ಪಿಸ್ತೂಲು ಖಾಲಿ ಇತ್ತು. ಗ್ಲಾಕಿಗೆ ಬೆರಳಲ್ಲಿ ಒತ್ತುವಂಥ ಬೇರೆ ಸೇಫ್ಟಿ ಇಲ್ಲ. ಟ್ರಿಗರ್ ಒಳಗೆ ಹೋದರೆ ಗುಂಡು ಹಾರಿತು ಅಂತಲೇ. ಹೋಲ್ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಅದರ ಬಾಯಿ ತೆರೆದೇ ಇರಬೇಕು, ನಿನ್ನ ಮಾಡೆಲಿಗೇ ಅಚ್ಚು ಹಾಕಿದ್ದಾಗಿರಬೇಕು. ಇವಿಷ್ಟು ಇಲ್ಲದ್ದು ಎಷ್ಟೇ ಹಿತವಾಗಿದ್ದರೂ ಬೇಡ.

ಚರ್ಮದ ಹೋಲ್ಸ್ಟರ್ ಮೈಗೆ ಒಗ್ಗುತ್ತೆ, ಆದರೆ ಹ್ಯೂಸ್ಟನ್ ಬೇಸಿಗೆಯಲ್ಲಿ ಬೆವರು ಹೀರಿ ಮೆತ್ತಗಾಗುತ್ತೆ. ಕೈಡೆಕ್ಸ್ ಗಟ್ಟಿ ಪ್ಲಾಸ್ಟಿಕ್, ಒರೆಸಿದರೆ ಆಯಿತು. ಒಳಗೊಂದು ಉದ್ದ ಬನಿಯನ್ ಹಾಕಿಕೋ, ಮೈ ಉಜ್ಜಲ್ಲ.

ಮಗಳಿಗೆ ಮೂರು ವರ್ಷ ಅಂದೆ. ಮನೆಗೆ ಬಂದ ಕೂಡಲೇ ಹೋಲ್ಸ್ಟರ್ ಸಮೇತ ತೆಗೆದು ನೇರ ಬೀಗದ ಪೆಟ್ಟಿಗೆಗೆ. ಅಲಮಾರಿಯ ಮೇಲೂ ಬೇಡ, ಹೆಂಡತಿಯ ಬ್ಯಾಗಿನಲ್ಲೂ ಬೇಡ. ಗುಂಡು ತುಂಬಿದ ಪಿಸ್ತೂಲು ಭದ್ರ ಮಾಡದೆ ಇಟ್ಟು ಅದು 17 ತುಂಬದ ಮಕ್ಕಳ ಕೈಗೆ ಸಿಕ್ಕರೆ ಇಲ್ಲಿ ಕೇಸು ಆಗುತ್ತೆ. ಕೇಸು ಬಿಡು, ಮಗು ಮುಖ್ಯ.

ಒಂದು ವಾರ ಗುಂಡು ತೆಗೆದಿಟ್ಟು, ನಳಿಗೆಯ ಹಿಂದೆ ಗುಂಡು ಕೂರುವ ಚೇಂಬರ್ ಎರಡು ಸಲ ನೋಡಿ, ಖಾಲಿ ಪಿಸ್ತೂಲನ್ನೇ ಹಾಕಿಕೊಂಡು ಮನೆಯಲ್ಲಿ ಓಡಾಡು. ಬಗ್ಗಿ ಶೂ ಲೇಸ್ ಕಟ್ಟು, ಸೋಫಾದಲ್ಲಿ ಕೂತು ಏಳು. ಎಲ್ಲಿ ಒತ್ತುತ್ತೆ ಅಂತ ಗುರುತಿಟ್ಟುಕೊಂಡು ಭಾನುವಾರ ನಮ್ಮನೆಗೆ ಬಾ. ಗ್ಲಾಕ್ 19ರದ್ದೇ ಮೂರು ಹೋಲ್ಸ್ಟರ್ ನನ್ನ ಹತ್ತಿರ ಇವೆ, ಹಾಕಿ ನೋಡಿ ಆಮೇಲೆ ದುಡ್ಡು ಹಾಕು.