ಹಳೆಯ ಪದ್ಮಿನಿ ಕಾರಿನ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ವಿಪರೀತ ಸದ್ದು ಮಾಡುತ್ತಿದೆ, ಸ್ಪಂಜ್ ಸುತ್ತಿದರೆ ಸಾಕೇ?

ದಯವಿಟ್ಟು ಸ್ಪಂಜ್ ಸುತ್ತಬೇಡಿ. ಪೆಟ್ರೋಲ್ ಸ್ವಲ್ಪ ಜಿನುಗಿದರೂ ಅದು ಹೀರಿಕೊಂಡು ಕೂರುತ್ತದೆ, ಪಂಪಿನ ಬಿಸಿಯೂ ಹೊರಗೆ ಹೋಗುವುದಿಲ್ಲ. ಅದೂ ನಿಮ್ಮ ವಿಜಯಪುರದ ಬೇಸಿಗೆಯಲ್ಲಿ!

ನಾನು ಬೆಳಗಾವಿಯಲ್ಲಿ ಇಂಥದೇ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದೇನೆ. ಎಂಜಿನ್ ಪಕ್ಕದ ಮೂಲ ಪಂಪ್ ಕೈಕೊಟ್ಟಾಗ ನಿಮ್ಮ ಮಿಸ್ತ್ರಿ ಡಿಕ್ಕಿಯ ತಗಡಿಗೇ ಚೌಕದ ಎಲೆಕ್ಟ್ರಿಕ್ ಪಂಪ್ ಬಿಗಿದಿದ್ದಾರೆ ಎಂದು ಬರೆದಿದ್ದೀರಿ. ಟ್ಯಾಂಕಿನ ಹತ್ತಿರ ಕೂರಿಸಿದ್ದು ಸರಿ, ಏಕೆಂದರೆ ಈ ಪಂಪುಗಳಿಗೆ ದೂರದಿಂದ ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವುದು ಸುಲಭ. ಆದರೆ ನೇರವಾಗಿ ತಗಡಿಗೆ ಬಿಗಿದರೆ ಇಡೀ ಡಿಕ್ಕಿ ಡೊಳ್ಳಿನಂತೆ ಬಡಿದುಕೊಳ್ಳುತ್ತದೆ. ಖಚಿತ ಮಾಡಿಕೊಳ್ಳಲು ಪಂಪಿನ ಬೋಲ್ಟ್ ಬಿಚ್ಚಿ, ಪೈಪ್ ಮತ್ತು ವೈರ್ ಹಾಗೆಯೇ ಇರಲಿ, ಕೈಯಲ್ಲಿ ಹಿಡಿದುಕೊಂಡು ಬೇರೆಯವರಿಂದ ಕೀ ತಿರುಗಿಸಿ. ಪಂಪ್ ಓಡುತ್ತಿದ್ದೂ ಸದ್ದು ಅರ್ಧಕ್ಕಿಳಿದರೆ ತಪ್ಪು ಪಂಪಿನದಲ್ಲ, ಕೂರಿಸಿದ ರೀತಿಯದು.

ಆಗ ಎರಡೂ ತುದಿಗೆ ಬೋಲ್ಟ್ ಇರುವ ರಬ್ಬರ್ ಮೌಂಟಿಂಗ್ ಹಾಕಿಸಿ. ಬೋಲ್ಟ್ ಆರಪಾರ ಹಾದುಹೋಗುವ ಬರೀ ವಾಷರ್‌ನಿಂದ ಪ್ರಯೋಜನವಿಲ್ಲ. ಲೋಹಕ್ಕೆ ಲೋಹ ತಾಗಿದ್ದರೆ ಸದ್ದು ದಾಟಿಯೇ ದಾಟುತ್ತದೆ. ಬೆಳಗಾವಿಗೆ ಬರುವುದಿದ್ದರೆ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಡೆ ಒಮ್ಮೆ ವಿಚಾರಿಸಿ. ಲೋಹದ ಪೈಪ್ ಪಂಪಿಗೆ ನೇರ ಸೇರದಂತೆ ಎರಡೂ ಕಡೆ ಗೇಣುದ್ದ ಹೋಸ್ ಇರಲಿ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ: ಪಂಪ್ ಬಾಡಿಯಿಂದಲೇ ಅರ್ಥಿಂಗ್ ಪಡೆಯುತ್ತಿದ್ದರೆ ರಬ್ಬರ್ ಹಾಕಿದ ಮೇಲೆ ಅದು ಕಡಿದುಹೋಗುತ್ತದೆ. ಬೇರೆ ಅರ್ಥ್ ವೈರ್ ಎಳೆಯದಿದ್ದರೆ ಪಂಪ್ ಓಡುವುದೇ ಇಲ್ಲ. ಸದ್ದಂತೂ ನಿಂತಿರುತ್ತದೆ, ಅದು ಬೇರೆ ಮಾತು.

ಕೈಯಲ್ಲಿ ಹಿಡಿದಾಗಲೂ ಅಷ್ಟೇ ಗದ್ದಲವಿದ್ದರೆ ಕಿವಿಗೊಟ್ಟು ಕೇಳಿ. ಒಳಗಿನ ಕಾಯಿಲ್ ಪಿಸ್ಟನ್ನನ್ನು ಎಳೆಯುವುದು, ಸ್ಪ್ರಿಂಗ್ ತಳ್ಳುವುದು, ಇಷ್ಟೇ ಇದರ ಕೆಲಸ. ಹಾಗಾಗಿ ಟಕಟಕ ಸಹಜ. ಕೀ ತಿರುಗಿಸಿದಾಗ ವೇಗವಾಗಿ ಶುರುವಾಗಿ, ಕಾರ್ಬುರೇಟರ್ ತುಂಬಿದ ಮೇಲೆ ನಿಧಾನವಾಗಬೇಕು. ಹಳೆಯ ಮಾರಿಸ್ ಮೈನರ್ ಕಾರಿನ ಎಸ್‌ಯು ಕಂಪನಿಯ ಪಂಪ್ ಆಗ ಹೆಚ್ಚುಕಡಿಮೆ ಸುಮ್ಮನೇ ಆಗಿಬಿಡುತ್ತದೆ. ನಿಮ್ಮದು ನಿಧಾನವಾಗದೆ ಒಂದೇ ಸಮನೆ ಬಡಿಯುತ್ತಿದ್ದರೆ ಟ್ಯಾಂಕಿನ ಕಡೆಯಿಂದ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಮೊದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಬುಸ್ಸೆಂದು ಗಾಳಿ ಒಳನುಗ್ಗಿ ಸದ್ದು ಬದಲಾದರೆ ಗಾಳಿಯಾಡುವ ತೂತು ಕಟ್ಟಿದೆ. ಆಮೇಲೆ ಪಂಪಿನ ಹಿಂದಿನ ಫಿಲ್ಟರ್, ಕ್ಲಿಪ್ಪುಗಳು, ಹೋಸ್. ಹೋಸ್ ಬಗ್ಗೆ ನನಗೆ ಅನುಮಾನ ಜಾಸ್ತಿ. ನಮ್ಮ ಕಡೆಯ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರಷ್ಟಿದೆ. ಹಳೆಯ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಉಬ್ಬಿ ಬಿರುಕು ಬಿಡುತ್ತದೆ. ಎಥೆನಾಲ್ ತಾಳುವ ಹೋಸ್ ಕೇಳಿ ಪಡೆಯಿರಿ.

ಪಂಪಿನ ಮೇಲೆ ಒತ್ತಡ ಎಷ್ಟು ಬರೆದಿದೆ? ಇಂಥ ಕಾರ್ಬುರೇಟರಿಗೆ 2ರಿಂದ 3.5 ಪಿಎಸ್‌ಐ ಧಾರಾಳ. ಇಂಜೆಕ್ಷನ್ ಕಾರಿನ ಪಂಪ್ 40 ಪಿಎಸ್‌ಐ ಆಸುಪಾಸಿನದು. ಅಂಥದ್ದನ್ನು ತಗುಲಿಸಿದ್ದರೆ ಇಂದೇ ತೆಗೆಸಿ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಜೊತೆಗೆ ಫ್ಯೂಸ್, ರಿಲೇ ಮತ್ತು ಅಪಘಾತವಾದಾಗ ಕರೆಂಟ್ ಕಡಿಯುವ ಸ್ವಿಚ್ ಬೇಕೇ ಬೇಕು. ಎಂಜಿನ್ ನಿಂತರೂ ಕೀ ಆನ್ ಇರುವವರೆಗೆ ಈ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ.

ನನ್ನನ್ನು ಕೇಳಿದರೆ, ಪದ್ಮಿನಿಗೆ ಇದೆಲ್ಲ ಬೇಕಾಗಿಯೇ ಇರಲಿಲ್ಲ. ಕ್ಯಾಮ್‌ಶಾಫ್ಟ್‌ನಿಂದ ಓಡುವ ಅದರ ಮೂಲ ಪಂಪ್ ಕೆಡುವುದು ಹೆಚ್ಚಾಗಿ ಡಯಾಫ್ರಮ್, ಅಂದರೆ ಒಳಗಿನ ತೆಳು ಪರದೆ, ಹರಿದು. ಡಯಾಫ್ರಮ್, ವಾಲ್ವ್ ಬದಲಿಸಿದರೆ ಮತ್ತೆ ಓಡುತ್ತದೆ. ಹಳೆಯದನ್ನು ಗುಜರಿಗೆ ಹಾಕಿಲ್ಲ ತಾನೇ?