ಉತ್ತೇಜಕವಲ್ಲದ ಔಷಧಿಗೆ ಬದಲಾಯಿಸುವ ಮುನ್ನ

ಮಾನ್ಯ ಓದುಗರೇ,

ಎಡಿಎಚ್‌ಡಿಗಾಗಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧಿ ಶುರುವಾದ ಮೇಲೆ ನಾಲ್ಕನೇ ತರಗತಿಯ ನಿಮ್ಮ ಮಗನಿಗೆ ಪಾಠದಲ್ಲಿ ಗಮನ ನಿಲ್ಲುತ್ತಿದೆಯಾದರೂ ಮಧ್ಯಾಹ್ನದ ಊಟದ ಡಬ್ಬಿ ಮುಟ್ಟದೆ ಹಾಗೆಯೇ ಮನೆಗೆ ಬರುತ್ತಿದೆ, ರಾತ್ರಿ ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಉತ್ತೇಜಕವಲ್ಲದ ಔಷಧಿ ಇದೆಯೇ, ಬ್ರಾಹ್ಮಿ ತುಪ್ಪವೇ ಸಾಕಾಗದೇ ಎಂಬುದು ನಿಮ್ಮ ಪ್ರಶ್ನೆ.

ಇದೆ, ಆದರೆ ಅದನ್ನು ಈಗಿನ ಮಾತ್ರೆಯ ಸೌಮ್ಯ ರೂಪವೆಂದು ಭಾವಿಸಬೇಡಿ. ಅಮೆರಿಕದಲ್ಲಿ 2002ರಲ್ಲಿ ಅನುಮತಿ ಪಡೆದು ಈಗ ನಮ್ಮಲ್ಲೂ ಸಿಗುವ ಅಟೊಮಾಕ್ಸೆಟಿನ್, ಮಿದುಳಿನ ನರಕೋಶಗಳು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ಮರಳಿ ಹೀರಿಕೊಳ್ಳದಂತೆ ತಡೆಯುತ್ತದೆ. ಮಿಥೈಲ್‌ಫೆನಿಡೇಟ್ ನುಂಗಿದ ದಿನವೇ ಕೆಲಸ ತೋರಿಸಿದರೆ, ಇದರ ಪೂರ್ಣ ಗುಣ ಕಾಣಲು ನಾಲ್ಕರಿಂದ ಎಂಟು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಬೇಕು; ಸರಾಸರಿಯಲ್ಲಿ ಇದರ ಪರಿಣಾಮವೂ ತುಸು ಕಡಿಮೆಯೇ. ಎರಡನೇ ವಾರಕ್ಕೆ 'ಏನೂ ಪ್ರಯೋಜನವಿಲ್ಲ' ಎಂದು ನಿಲ್ಲಿಸಿದರೆ ಪರೀಕ್ಷಿಸಿದಂತೆಯೇ ಆಗುವುದಿಲ್ಲ. ನಿದ್ದೆಯ ತೊಂದರೆ ಇದರಿಂದ ತಗ್ಗಬಹುದು, ಆದರೆ ಹಸಿವು ಕುಗ್ಗುವುದು, ವಾಕರಿಕೆ, ಹೊಟ್ಟೆನೋವು ಇದರಲ್ಲೂ ಉಂಟು. ನುಂಗಲು ಹಟ ಮಾಡುತ್ತಾನೆಂದು ಕ್ಯಾಪ್ಸೂಲ್ ಬಿಚ್ಚಿ ಜೇನುತುಪ್ಪದಲ್ಲಿ ಕಲಸಿಕೊಡಬೇಡಿ. ಒಳಗಿನ ಪುಡಿ ಕಣ್ಣಿಗೆ ತಗುಲಿದರೆ ಉರಿ ಬರುತ್ತದೆ. ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಬರಬಹುದೆಂಬ ಎಚ್ಚರಿಕೆಯೂ ಈ ಔಷಧಿಗಿದೆ. ಅದು ವಿರಳವೇ, ಆದರೂ ಮೊದಲ ತಿಂಗಳುಗಳಲ್ಲಿ ಮಗ ಇದ್ದಕ್ಕಿದ್ದಂತೆ ಮಂಕಾದರೆ, ಸಿಡುಕಿದರೆ, ಕಣ್ಣು ಅಥವಾ ಚರ್ಮ ಹಳದಿಯಾದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಕ್ಲೋನಿಡಿನ್, ಗ್ವಾನ್‌ಫಸಿನ್ ಮೂಲತಃ ರಕ್ತದೊತ್ತಡದ ಔಷಧಿಗಳು. ಚಡಪಡಿಕೆ ಹೆಚ್ಚಿರುವ, ನಿದ್ದೆಗೆಟ್ಟ ಮಕ್ಕಳಿಗೆ ಕೆಲವೊಮ್ಮೆ ಇವನ್ನು ಬರೆದುಕೊಡುತ್ತಾರೆ. ತೂಕಡಿಕೆ ಸಾಮಾನ್ಯ. ಊರಿಗೆ ಹೋದಾಗ ಮಾತ್ರೆ ಮರೆತು ಒಮ್ಮೆಲೇ ನಿಂತರೆ ರಕ್ತದೊತ್ತಡ ದಿಢೀರನೆ ಏರಬಹುದಾದ್ದರಿಂದ, ನಿಲ್ಲಿಸುವುದಾದರೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಬ್ರಾಹ್ಮಿ ತುಪ್ಪದ ಮೇಲೆ ನನಗೆ ಮುನಿಸೇನಿಲ್ಲ, ಆದರೆ ಈ ಔಷಧಿಗಳ ಜಾಗದಲ್ಲಿ ನಿಲ್ಲಿಸುವಷ್ಟು ಪುರಾವೆ ಅದಕ್ಕಿಲ್ಲ. ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ನನ್ನ ಸಲಹೆ ಇಷ್ಟು: ಔಷಧಿ ಬದಲಿಸುವ ಮೊದಲು, ಪ್ರಮಾಣವನ್ನೋ ಕೊಡುವ ಹೊತ್ತನ್ನೋ ಸರಿಪಡಿಸಿದರೆ ಸಾಕೇ ಎಂದು ಮಕ್ಕಳ ಮನೋವೈದ್ಯರನ್ನು ಕೇಳಿ. ಮಾತ್ರೆಗೆ ಮುನ್ನ ಹೊಟ್ಟೆ ತುಂಬ ತಿಂಡಿ, ಸಂಜೆ ಅದರ ಪ್ರಭಾವ ಇಳಿದ ಮೇಲೆ ಗಟ್ಟಿ ಊಟ ಕೊಟ್ಟರೆ ಎಷ್ಟೋ ಮಕ್ಕಳು ತೂಕ ಉಳಿಸಿಕೊಳ್ಳುತ್ತಾರೆ. ಹೋಗುವಾಗ ಎತ್ತರ, ತೂಕದ ಬರಹ ಮತ್ತು ತರಗತಿಯ ಶಿಕ್ಷಕಿಯ ಒಂದು ಚೀಟಿ ಕೈಯಲ್ಲಿರಲಿ.

— ಸಂಪಾದಕ